ದಿಲ್ಲಿಯ ಬೀದಿಯಲ್ಲಿ ನಮ್ಮ ಹೊಂಗೆ

ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥವರ ಮನೆಗೆ ಊರಿನಿಂದ ಏನೇನು ಬರುತ್ತದೆಂಬುದನ್ನು ತಿಳಿಯಬೇಕಾದರೆ, ಕರ್ನಾಟಕ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ನವದೆಹಲಿ ಸ್ಟೇಷನ್ನಿನಲ್ಲಿ ನಿಂತು ನೋಡಬೇಕು. ರಾಗಿ ಹಿಟ್ಟಿನ ಗಂಟು, ಹುರಿಗಡಲೆ, ಹಪ್ಪಳ ಸಂಡಿಗೆಯ ಡಬ್ಬ, ಸುಲಿದ ತೆಂಗಿನಕಾಯಿಗಳ ಚೀಲ, ಎಣ್ಣೆ ಸೋರುತ್ತಿರುವ ಉಪ್ಪಿನಕಾಯಿ ಜಾಡಿ, ಇವೆಲ್ಲ ಇಳಿದ ಮೇಲೆ ಕೊನೆಗೆ ಅವುಗಳ ಒಡೆಯರು ಇಳಿಯುತ್ತಾರೆ. 2011ರ ಯುಗಾದಿಗೆಂದು ನಮ್ಮ ತಂದೆಯವರು ಎರಡು ರಾತ್ರಿ ಪ್ರಯಾಣ ಮಾಡಿ ಬಂದಿಳಿದಾಗ ಈ ಪಟ್ಟಿಯಲ್ಲಿ ಯಾವುದೂ ತಪ್ಪಿರಲಿಲ್ಲ. ಅದರ ಮೇಲೆ, ಅವರ ಟವೆಲಿನ ಮೂಲೆಯಲ್ಲಿ ಗಂಟು ಹಾಕಿದ್ದ ಒಂದು ಹಿಡಿ ಹೊಂಗೆ ಕಾಯಿಯೂ ಇತ್ತು.

“ಇದನ್ನು ಯಾಕೆ ತಂದಿರಿ ಮಾವ?” ಎಂದು ನಮ್ಮಾಕೆ ಕೇಳಿದರು.

“ಹೋದ ಸಲ ಬಂದಾಗ ನೋಡಿದೆನಲ್ಲಮ್ಮಾ, ನಿಮ್ಮ ಮನೆ ಮುಂದೆ ಒಬ್ಬ ಮನುಷ್ಯ ನಿಲ್ಲೋಣ ಅಂದರೆ ಒಂದು ಅಂಗೈ ಅಗಲ ನೆರಳಿಲ್ಲ. ಹಾಕಿ ನೋಡಿ. ಬಂದರೆ ಬರಲಿ” ಎಂದರು ತಂದೆಯವರು.

ಅವರು ಹೇಳಿದ್ದು ಸುಳ್ಳಲ್ಲ. ನಾವು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ವರ್ಷಗಟ್ಟಲೆ ಕಾದ ಮೇಲೆ 2010ರಲ್ಲಿ ನಮಗೆ ದೊರೆತ ಕ್ವಾರ್ಟರ್ಸ್ ಎರಡನೆಯ ಮಹಡಿಯಲ್ಲಿತ್ತು, ಪಶ್ಚಿಮಕ್ಕೆ ಮುಖ ಮಾಡಿತ್ತು. ಮೇ ತಿಂಗಳ ಮಧ್ಯಾಹ್ನ 44 ಡಿಗ್ರಿ ಬಿಸಿಲಿನಲ್ಲಿ ಬಾಲ್ಕನಿಯ ಕಂಬಿಯನ್ನು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಬೀದಿಯ ತಿರುವಿನಲ್ಲಿ ಒಂದು ಹಳೆಯ ಬೇವಿನ ಮರವಿದ್ದುದನ್ನು ಬಿಟ್ಟರೆ ನಮ್ಮ ಬ್ಲಾಕಿನ ಉದ್ದಕ್ಕೂ ಬಟ್ಟ ಬಯಲು. ನಮ್ಮ ಮೆಟ್ಟಿಲ ಪಕ್ಕದಲ್ಲಿ ಇಸ್ತ್ರಿಯವನೊಬ್ಬ ಮೇಜು ಹಾಕಿಕೊಂಡು, ತಲೆಯ ಮೇಲೆ ಹರಿದ ಟಾರ್ಪಾಲು ಕಟ್ಟಿಕೊಂಡು, ಹೆಂಡತಿಯೊಡನೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದ. ಮೇಲೆ ಸೂರ್ಯ, ಕೈಯಲ್ಲಿ ಕೆಂಡ. ಅವನನ್ನು ನೋಡುತ್ತ ನಾವು ಕೂಲರಿನ ಮುಂದೆ ಕುಳಿತು ಕಾಫಿ ಕುಡಿಯುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೊಂಗೆಯನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗವೇ ಸರಿ. ಆದರೆ ದಿಲ್ಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ನಾಲ್ಕು ಮಾತು ಹೇಳಬೇಕು. ತುಮಕೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಹೊಲದ ಬದುವಿನ ಮೇಲೆ, ಹಳ್ಳದ ದಡದಲ್ಲಿ, ಊರ ಮುಂದಿನ ಕಟ್ಟೆಯ ಬಳಿ ಎಲ್ಲೆಲ್ಲೂ ಹೊಂಗೆಯೇ. ಅದರ ಸೊಪ್ಪನ್ನು ಗದ್ದೆಗೆ ತುಳಿದರೆ ಗೊಬ್ಬರ. ಬೀಜವನ್ನು ಗಾಣಕ್ಕೆ ಹಾಕಿದರೆ ದೀಪಕ್ಕೆ ಎಣ್ಣೆ. ಈ ಎಣ್ಣೆ ಕಹಿ, ಅಡುಗೆಗೆ ಬರುವುದಿಲ್ಲ. ಆದರೆ ಸಾಬೂನಿಗೆ, ಚರ್ಮ ಹದ ಮಾಡುವುದಕ್ಕೆ, ಬೆಳೆಗೆ ಬೀಳುವ ಹುಳುವಿಗೆ ಬರುತ್ತದೆ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯೂ ಗೊಬ್ಬರವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ಓಡಿಸಿ ತೋರಿಸಿದ್ದೂ ಉಂಟು. ಇದು ಅವರೆ, ತೊಗರಿಗಳ ಕುಲಕ್ಕೆ ಸೇರಿದ ಮರ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ನಮ್ಮ ರೈತರು ಇದನ್ನು ಬದುವಿನ ಮೇಲೆ ಉಳಿಸಿಕೊಂಡದ್ದು ಸುಮ್ಮನೆ ಅಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಅದರ ನೆರಳು. ಯುಗಾದಿಯ ಸುಮಾರಿಗೆ ಹಳೆಯ ಎಲೆಗಳು ಉದುರಿ ಮರ ಬೋಳಾದಂತೆ ಕಂಡರೆ ಗಾಬರಿಯಾಗಬೇಕಾಗಿಲ್ಲ. ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಹೊಳೆಯುವ ಎಳೆಯ ಹಸಿರು ಮರವನ್ನೆಲ್ಲ ಮುಚ್ಚುತ್ತದೆ. ಬೇರೆ ಮರಗಳು ಬಾಡಿ ನಿಲ್ಲುವ ಕಡು ಬೇಸಿಗೆಯಲ್ಲಿ ಹೊಂಗೆ ಹೊಸ ಬಟ್ಟೆ ಉಟ್ಟ ಮದುಮಗಳ ಹಾಗೆ ನಿಂತಿರುತ್ತದೆ. ಬಿಸಿಲು ಬೇಡವಾದಾಗ ನೆರಳು ಕೊಡುವ ಈ ಲೆಕ್ಕಾಚಾರ ಯಾವ ಯೋಜನಾ ಇಲಾಖೆಗೂ ಇಷ್ಟು ಸರಿಯಾಗಿ ಬಂದಿರಲಾರದು.

ಬಿ.ಎಸ್‌ಸಿ.ಯಲ್ಲಿ ನಾವು ಇದರ ಹೆಸರನ್ನು ಪೊಂಗಾಮಿಯ ಪಿನ್ನೇಟ ಎಂದು ಬಾಯಿಪಾಠ ಮಾಡಿದ್ದೆವು. ಆ ‘ಪೊಂಗಾಮಿಯ’ ಎಂಬುದು ಮಲೆಯಾಳ ತಮಿಳು ಸೀಮೆಯ ಜನ ಮರಕ್ಕೆ ಕರೆಯುವ ಪೊಂಗಂ, ಪುಂಗೈ ಎಂಬ ಹೆಸರಿನಿಂದಲೇ ಬಂದದ್ದು. ಅಂದರೆ ದಕ್ಷಿಣದ ಹಳ್ಳಿಯವನ ಮಾತೇ ಲ್ಯಾಟಿನ್ ವೇಷ ಹಾಕಿಕೊಂಡು ನಮ್ಮ ಪರೀಕ್ಷೆಗೆ ಬಂದಿತ್ತು. ಹಿಂದಿಯವರು ಇದನ್ನು ಕರಂಜ್ ಎನ್ನುತ್ತಾರೆ. ದಿಲ್ಲಿಯಲ್ಲಿ ಪಾಪ್ರಿ ಎನ್ನುವವರೂ ಇದ್ದಾರೆ, ಆದರೆ ಬೇರೊಂದು ಮರಕ್ಕೂ ಅದೇ ಹೆಸರಿರುವುದರಿಂದ ಗೊಂದಲ.

ಹೆಸರಿನ ವಿಷಯದಲ್ಲಿ ನಮಗೂ ಒಂದು ಫಜೀತಿಯಾಯಿತು. ಡಾಲ್ಡಾ ಡಬ್ಬಗಳಲ್ಲಿ ಮಣ್ಣು ತುಂಬುತ್ತಿದ್ದ ನಮ್ಮನ್ನು ಕಂಡು ಕೆಳಮನೆಯ ಹಿರಿಯರು ಏನು ಹಾಕುತ್ತಿದ್ದೀರಿ ಎಂದು ಕೇಳಿದರು. ಕರಂಜ್ ಎಂಬ ಪದ ಆಗ ನೆನಪಿಗೆ ಬಾರದೆ “ಹೊಂಗೆ” ಎಂದುಬಿಟ್ಟೆವು. ಹಿಂದಿಯಲ್ಲಿ ‘ಹೋಂಗೆ’ ಎಂದರೆ ‘ಆಗುತ್ತಾರೆ’ ಎಂದರ್ಥವಷ್ಟೆ. “ಹೋಂಗೆ? ಕ್ಯಾ ಹೋಂಗೆ?” ಎಂದು ಅವರು ಹುಬ್ಬೇರಿಸಿದರು. ಏನಾಗುತ್ತಾರೆಂದು ನಮಗೆ ಮಾತ್ರ ಏನು ಗೊತ್ತು? ಅಂದಿನಿಂದ ನಮ್ಮ ಡಬ್ಬಗಳಿಗೆ ಬ್ಲಾಕಿನಲ್ಲಿ ‘ಹೋಂಗೆ’ ಎಂಬ ಹೆಸರೇ ನಿಂತಿತು. ಮೊಳಕೆ ತಡವಾದಾಗ, “ಏನು ಭಾಯಿಸಾಬ್, ಇನ್ನೂ ಆಗಲಿಲ್ಲವೇ?” ಎಂಬ ಕುಚೋದ್ಯವೂ ಜೊತೆಗೆ ಬಂದಿತು.

ಆಗದೆ ಉಳಿಯಲಿಲ್ಲ. ಕಾಯಿ ಒಡೆದು ತೆಗೆದ ಬೀಜಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದ್ದೆವು. ಎರಡು ವಾರದ ಮೇಲೆ ಹನ್ನೊಂದು ಬೀಜಗಳಲ್ಲಿ ಏಳು ಮೊಳೆತವು. ಅಷ್ಟಕ್ಕೇ ಉಬ್ಬಿಹೋದ ನಾವು ಮಾಡಿದ ತಪ್ಪನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಜುಲೈನಲ್ಲಿ ಮೊದಲ ಮಳೆ ಬಿದ್ದ ಕೂಡಲೆ, ಇನ್ನೂ ಗೇಣುದ್ದದ ಮೂರು ಸಸಿಗಳನ್ನು ಬೀದಿಯ ಅಂಚಿನಲ್ಲಿ ನೆಟ್ಟೆವು. ಒಂದನ್ನು ಬೀದಿಯ ಹಸು ಮುಗಿಸಿತು. ಹೊಂಗೆ ಎಲೆ ದನಗಳಿಗೆ ಅಷ್ಟಾಗಿ ಸೇರದು, ತಿನ್ನಲಿಕ್ಕಿಲ್ಲವೆಂದು ನಾವು ಧೈರ್ಯವಾಗಿದ್ದೆವು. ಅದು ತಿನ್ನಲಿಲ್ಲ. ಕತ್ತು ತುರಿಸಿಕೊಂಡಿತು, ಅಷ್ಟೆ. ಉಳಿದೆರಡನ್ನು ಜನವರಿಯ ಚಳಿ ಸುಟ್ಟಿತು. ಬಲಿತ ಹೊಂಗೆ ದಿಲ್ಲಿಯ ಚಳಿಯನ್ನೂ ಬಿಸಿಲನ್ನೂ ತಡೆಯುತ್ತದೆ. ಆದರೆ ಮೂರು ನಾಲ್ಕು ಡಿಗ್ರಿಗೆ ಇಳಿಯುವ ರಾತ್ರಿಗಳನ್ನು ಎಳೆಯ ಸಸಿ ತಾಳಲಾರದು.

ಊರಿಗೆ ಫೋನು ಮಾಡಿ ಹೇಳಿದಾಗ ತಂದೆಯವರು, “ಮಗೂನ ಒಂದು ವರ್ಷ ಆದರೂ ಮನೇಲಿ ಇಟ್ಟುಕೊಳ್ಳಬೇಡವೇನಪ್ಪಾ? ಹುಟ್ಟಿದ ಕೂಡಲೆ ಬೀದಿಗೆ ಬಿಡೋದೇ?” ಎಂದರು.

ಡಬ್ಬಗಳಲ್ಲಿ ಉಳಿದಿದ್ದ ನಾಲ್ಕನ್ನು ಆ ಚಳಿಗಾಲವೆಲ್ಲ ಬಾಲ್ಕನಿಯಲ್ಲಿ ಕಾಪಾಡಿದೆವು. 2012ರ ಜುಲೈನಲ್ಲಿ, ಸಸಿಗಳು ಎರಡಡಿ ಬೆಳೆದಿದ್ದಾಗ, ಅವುಗಳಲ್ಲಿ ಗಟ್ಟಿಮುಟ್ಟಾದ ಮೂರನ್ನು ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಗಳಲ್ಲಿ, ಮೇಲ್ಮಣ್ಣಿಗೆ ಕೊಳೆತ ಸಗಣಿ ಗೊಬ್ಬರ ಬೆರೆಸಿ ನೆಟ್ಟೆವು. ಒಂದಕ್ಕೊಂದಕ್ಕೆ ಎಂಟು ಮೀಟರಿನ ಅಂತರ, ವಿದ್ಯುತ್ ತಂತಿಯಿಂದ ದೂರ. ಡಬ್ಬದಲ್ಲಿ ಸುರುಳಿ ಸುತ್ತಿದ್ದ ಬೇರನ್ನು ಬಿಡಿಸಿ ನೇರ ಮಾಡಿದೆವು. ಸುರುಳಿಯಾಗಿಯೇ ಬಿಟ್ಟರೆ ಮರ ದೊಡ್ಡದಾದ ಮೇಲೂ ಕಾಲು ಗಟ್ಟಿ ಊರುವುದಿಲ್ಲ. ಹಸುವಿನ ಕತ್ತಿನಿಂದ ಕಾಪಾಡಲು ನಮ್ಮ ಹಳೆಯ ಕೂಲರಿನ ಮೂರು ಪಕ್ಕದ ಜಾಲರಿಗಳನ್ನೇ ಕಂಬಕ್ಕೆ ಕಟ್ಟಿ ನಿಲ್ಲಿಸಿದೆವು. ಡಿಸೆಂಬರ್ ಜನವರಿಗಳಲ್ಲಿ ಪ್ರತಿ ಸಂಜೆ ಗೋಣಿಚೀಲ ಹೊದಿಸುವುದು, ಬೆಳಿಗ್ಗೆ ಬಿಸಿಲು ಬಂದಾಗ ತೆಗೆಯುವುದು.

ಇಲ್ಲಿ ‘ನಾವು’ ಎಂದು ಬರೆಯುತ್ತಿರುವುದರಲ್ಲಿ ಮುಕ್ಕಾಲು ಪಾಲು ನಮ್ಮಾಕೆಯದು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕೂಲರಿನ ಕೆಳಗೆ ಉಳಿದ ನೀರು, ಎಲ್ಲವನ್ನೂ ಬಕೆಟ್ಟಿನಲ್ಲಿ ತುಂಬಿ ಎರಡು ಮಹಡಿ ಇಳಿಸಿದವರು ಅವರು. ಬೀದಿ ಮರವನ್ನು ನೆಡುವುದು ಒಂದು ದಿನದ ಕೆಲಸ. ಮೂರು ಬೇಸಿಗೆ ನೀರು ಹೊರುವುದೇ ನಿಜವಾದ ಕೆಲಸ. ನೆಟ್ಟ ದಿನ ಫೋಟೋ ತೆಗೆಯಲು ಜನ ಸಿಗುತ್ತಾರೆ, ಎರಡನೆಯ ಮೇ ತಿಂಗಳಲ್ಲಿ ಬಕೆಟ್ ಹಿಡಿಯಲು ಸಿಗುವುದಿಲ್ಲ. ಆದರೆ ನಮಗೆ ಒಬ್ಬ ಸಿಕ್ಕ. ನಾವು ರಜೆಗೆ ಊರಿಗೆ ಹೋದಾಗಲೆಲ್ಲ ಇಸ್ತ್ರಿಯವನು, ಯಾರೂ ಹೇಳದಿದ್ದರೂ, ಬಟ್ಟೆಗೆ ಚಿಮುಕಿಸಲು ಇಟ್ಟುಕೊಂಡ ನೀರಿನಲ್ಲಿ ಪಾಲು ಮಾಡಿ ಸಸಿಗಳಿಗೆ ಹಾಕುತ್ತಿದ್ದ.

ನಾವು ಹೀಗೆ ಮೂರು ಸಸಿಗಳ ಹಿಂದೆ ಅಲೆಯುತ್ತಿದ್ದಾಗ ದಿಲ್ಲಿಯ ದೊಡ್ಡ ಮರಗಳ ಮೇಲೂ ಕಣ್ಣು ಬೀಳತೊಡಗಿತು. ಬಸ್ಸಿನ ಕಿಟಕಿಯಿಂದ ಅದುವರೆಗೆ ‘ಮರ’ ಎಂದಷ್ಟೇ ಕಂಡದ್ದು ಈಗ ಹೆಸರು ಹಿಡಿದು ಕಾಣಿಸಿತು. ಅಕ್ಬರ್ ರಸ್ತೆಯಲ್ಲಿ ಹುಣಿಸೆ, ಜನಪಥದಲ್ಲಿ ನಾವು ಹೊಳೆಮತ್ತಿ ಎನ್ನುವ ಅರ್ಜುನ, 2022ರಲ್ಲಿ ಕರ್ತವ್ಯಪಥವೆಂದು ಹೆಸರಾದ ರಾಜಪಥದಲ್ಲಿ ನೇರಳೆ. 1911ರ ದರ್ಬಾರಿನಲ್ಲಿ ರಾಜಧಾನಿಯನ್ನು ಇಲ್ಲಿಗೆ ತರುವುದೆಂದು ಘೋಷಿಸಿ, 1931ರಲ್ಲಿ ಹೊಸ ನಗರವನ್ನು ಉದ್ಘಾಟಿಸುವುದರೊಳಗೆ ಈ ಸಾಲುಮರಗಳೂ ಯೋಜನೆಯ ಪ್ರಕಾರ ನೆಲೆಯೂರಿದ್ದವು. ಅವನ್ನು ಬೆಳೆಸಿದವರಲ್ಲಿ ಮುಖ್ಯರು ತೋಟಗಾರಿಕೆಯ ಅಧಿಕಾರಿ ಡಬ್ಲ್ಯು. ಆರ್. ಮಸ್ಟೋ. ನಮ್ಮ ಬೆಂಗಳೂರಿಗೆ 1908ರಲ್ಲಿ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜಿ. ಎಚ್. ಕೃಂಬಿಗಲ್ ಜರ್ಮನಿಯವರು. ವರ್ಷದ ಯಾವ ತಿಂಗಳಲ್ಲಾದರೂ ಯಾವುದಾದರೊಂದು ಬೀದಿಯಲ್ಲಿ ಹೂವಿರಬೇಕೆಂದು ಮರಗಳನ್ನು ಆರಿಸಿದರೆಂದು ಅವರ ಹೆಸರನ್ನು ಬೆಂಗಳೂರಿಗರು ಇಂದಿಗೂ ನೆನೆಯುತ್ತಾರೆ. ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ದೇಶದ ಬರ್ಲಿನ್ ನಗರದಲ್ಲಿ ‘ಲಿಂಡನ್ ಮರಗಳ ಅಡಿ’ ಎಂದೇ ಹೆಸರಾದ ರಾಜಬೀದಿಯೊಂದಿದೆ. 1647ರಲ್ಲಿ ಅಲ್ಲಿಯ ಅರಸ ಅರಮನೆಯಿಂದ ಬೇಟೆಯ ಕಾಡಿನವರೆಗೆ ಲಿಂಡನ್ ಸಾಲು ನೆಡಿಸಿದ. ರೈಲು ಸುರಂಗಕ್ಕೆಂದು, ಯುದ್ಧದಿಂದೆಂದು ಆ ಮರಗಳು ಹೋದರೂ ಜನ ಮತ್ತೆ ಅದೇ ಜಾತಿಯನ್ನು ತಂದು ನೆಟ್ಟರು. ಬೀದಿಯ ಹೆಸರಿನಲ್ಲೇ ಮರವಿದ್ದ ಮೇಲೆ ಬೋಳಾಗಿ ಬಿಡುವುದು ಹೇಗೆ?

ದಿಲ್ಲಿಯ ಮಸ್ಟೋ ಆಗಲಿ ಬೆಂಗಳೂರಿನ ಕೃಂಬಿಗಲ್ ಆಗಲಿ ಆ ಊರಿನವರಲ್ಲ ಎಂಬುದು ನಮಗೆ ಎಷ್ಟೋ ಸಮಾಧಾನ ಕೊಟ್ಟಿತು. ಏಕೆಂದರೆ ಬ್ಲಾಕಿನಲ್ಲಿ ಕೆಲವರು ಆಗಾಗ ಹೇಳುತ್ತಿದ್ದ ಮಾತೊಂದಿತ್ತು: “ಸರ್ಕಾರಿ ಮನೆ, ಸರ್ಕಾರಿ ಬೀದಿ. ನಾಳೆ ವರ್ಗವಾದರೆ ಹೋಗುವವರು, ನಿಮಗೆ ಯಾಕೆ ಈ ಉಸಾಬರಿ?”

ಇರಲಿ. 2017ರ ಮೇ ತಿಂಗಳಲ್ಲಿ ಮೂರೂ ಮರಗಳು ಮೊದಲ ಸಲ ಹೂ ಬಿಟ್ಟವು. ನೆಟ್ಟ ಐದನೆಯ ವರ್ಷ. ಅಷ್ಟರಲ್ಲಿ ಮೊದಲ ಮಹಡಿಯ ಕಿಟಕಿಯ ಎತ್ತರಕ್ಕೆ ಬಂದಿದ್ದವು. ನಸುಗೆಂಪು ಬೆರೆತ ಬಿಳಿಯ ಹೂ ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂತೆ ಬಿದ್ದಿರುತ್ತಿತ್ತು. ತಂದೆಯವರು ಆಗ ನಮ್ಮ ಮನೆಯಲ್ಲಿದ್ದರು. ಗುಡಿಸುವವಳು ಹೂವನ್ನು ಕಸದ ಗಾಡಿಗೆ ತುಂಬಲು ಬಂದಾಗ ಅವರು ತಮ್ಮ ಹರಕು ಹಿಂದಿಯಲ್ಲಿ ತಡೆದು, ಎಲ್ಲವನ್ನೂ ಮರದ ಬುಡಕ್ಕೆ ಸೇರಿಸಿಸಿದರು. ಉದುರಿದ ಹೊಂಗೆ ಹೂ ಕೊಳೆತರೆ ಹೂಕುಂಡಗಳಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಇಸ್ತ್ರಿಯವನ ಟಾರ್ಪಾಲು ಅಷ್ಟರಲ್ಲಿ ಇಳಿದಿತ್ತು. ಮೇಜು ನಡುವಿನ ಮರದ ಕೆಳಗೆ ಬಂದಿತ್ತು. ಅವನೂ ತಂದೆಯವರೂ ಭಾಷೆ ಬಾರದೆಯೇ ದಿನವೆಲ್ಲ ಮಾತಾಡುತ್ತಿದ್ದರು.

ಎಲೆಗಳ ಮೇಲೆ ಬಿಳಿಯ ಗೆರೆಗಳೂ ಗುಳ್ಳೆಗಳೂ ಕಂಡಾಗ, ಮರಕ್ಕೆ ರೋಗ ಬಂದಿದೆ, ಮಕ್ಕಳಿಗೆ ಅಂಟುತ್ತದೆ ಎಂದು ಒಬ್ಬರು ಪುಕಾರು ಎಬ್ಬಿಸಿದರು. ಎಲೆಯೊಳಗೆ ಸುರಂಗ ತೋಡುವ ಒಂದು ಸಣ್ಣ ಹುಳು, ಎಲೆಯ ಮೇಲೆ ಗಂಟು ಏಳಿಸುವ ಕಣ್ಣಿಗೆ ಕಾಣದ ಒಂದು ಜೀವಿ, ಇವೆರಡೂ ಹೊಂಗೆಯ ಹಳೆಯ ಒಕ್ಕಲುಗಳು. ಮರ ಸಾಯುವುದಿಲ್ಲ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದು ನಮ್ಮ ಬಿ.ಎಸ್‌ಸಿ. ಪದವಿಯನ್ನು ಪಣಕ್ಕಿಟ್ಟು ಸಮಾಧಾನ ಹೇಳಿದೆವು. ಇಪ್ಪತ್ತು ವರ್ಷಗಳ ಮೇಲೆ ಆ ಪದವಿ ಮೊದಲ ಸಲ ಉಪಯೋಗಕ್ಕೆ ಬಂದದ್ದು ಹಾಗೆ.

ನಿಜವಾದ ರೋಗ ಬೇರೆ ಕಡೆಯಿಂದ ಬಂದಿತ್ತು. ಹೂ ಬಿಡುವುದಕ್ಕೆ ಎರಡು ವರ್ಷ ಮುಂಚೆಯೇ ಬೀದಿಗೆ ಹೊಸ ಕಾಲುದಾರಿ ಹಾಕಿದ ಗುತ್ತಿಗೆದಾರರು, ಅಂದವಾಗಿ ಕಾಣಲೆಂದು, ಮರಗಳ ಬುಡದವರೆಗೂ ಕಾಂಕ್ರೀಟು ಸುರಿದು ಟೈಲು ಕೂರಿಸಿದ್ದರು. ನಮಗೂ ಅದು ಚೊಕ್ಕಟವಾಗಿಯೇ ಕಂಡಿತ್ತು, ಕೆಸರಿಲ್ಲವಲ್ಲ ಎಂದು ಸಂತೋಷಪಟ್ಟಿದ್ದೆವು. ಬೇರು ಉಸಿರಾಡುತ್ತದೆ, ನೀರು ಹೀರುವ ಎಳೆಬೇರುಗಳು ನೆಲದ ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ, ಮಳೆಯ ನೀರೂ ಗಾಳಿಯೂ ಇಳಿಯದಿದ್ದರೆ ಅವು ಸಾಯುತ್ತವೆ, ಇದೆಲ್ಲವನ್ನೂ ಓದಿದ್ದ ನಮಗೆ ಆಗ ಅದು ಹೊಳೆಯಲೇ ಇಲ್ಲ. ಪಾಠ ಪುಸ್ತಕದಲ್ಲೇ ಉಳಿದಿತ್ತು. ಆಮೇಲೆ 2017ರ ಕೊನೆಯಲ್ಲಿ ಯಾವುದೋ ಕೇಬಲ್ಲಿಗೆಂದು ಮೊದಲನೆಯ ಮರದ ಪಕ್ಕದಲ್ಲೇ ಕಾಲುವೆ ತೋಡಿ ಮುಚ್ಚಿದರು.

2018ರ ಮೇ 13, ಭಾನುವಾರ. ಅಂದು ಸಂಜೆ ದಿಲ್ಲಿಯನ್ನು ಮುಚ್ಚಿದ ಧೂಳಿನ ಬಿರುಗಾಳಿ ಇಲ್ಲಿದ್ದವರಿಗೆಲ್ಲ ನೆನಪಿರಬಹುದು. ಐದು ಗಂಟೆಗೆ ಕತ್ತಲಾಯಿತು. ಗಾಳಿ ಸಿಳ್ಳು ಹಾಕಿತು. ಕೆಳಗಿನಿಂದ ಒಂದು ಸದ್ದು ಕೇಳಿ ಬಾಲ್ಕನಿಗೆ ಹೋಗಿ ನೋಡಿದರೆ, ನಮ್ಮ ಮೊದಲನೆಯ ಹೊಂಗೆ ಹೂವಿನ ಸಮೇತ ಬೀದಿಗೆ ಅಡ್ಡ ಬಿದ್ದಿತ್ತು. ಅದರಡಿಯಲ್ಲಿ ಕೆಳಮನೆಯ ಹಿರಿಯರ ಮಗ, ಸಾಲ ಮಾಡಿ ಎರಡು ತಿಂಗಳ ಹಿಂದೆ ಕೊಂಡಿದ್ದ ಸ್ಕೂಟರು. ಸ್ಕೂಟರಿನ ಮೇಲೆ ಯಾರೂ ಕುಳಿತಿರಲಿಲ್ಲ ಎಂಬುದೊಂದೇ ಪುಣ್ಯ.

ಗಾಳಿ ನಿಂತ ಮೇಲೆ ಟಾರ್ಚು ಹಿಡಿದು ಬುಡವನ್ನು ನೋಡಿದೆವು. ಕಾಲುವೆ ತೋಡಿದ ಕಡೆ ಬೇರುಗಳು ಗರಗಸದಿಂದ ಕುಯ್ದ ಹಾಗೆ ನೇರವಾಗಿ ತುಂಡಾಗಿದ್ದವು. ಕಾಂಡದ ಸುತ್ತ ಕಾಂಕ್ರೀಟು ಬಿಗಿದ ಉಂಗುರದಂತೆ ತೊಗಟೆಯನ್ನು ಕಚ್ಚಿ ಹಿಡಿದಿತ್ತು. ಒಂದು ಕಾಲು ಕಡಿದು, ಇನ್ನೊಂದನ್ನು ಕಟ್ಟಿಹಾಕಿ, ಗಾಳಿಯಲ್ಲಿ ನಿಲ್ಲು ಎಂದರೆ ಮರ ಹೇಗೆ ನಿಲ್ಲುತ್ತದೆ?

ಆದರೆ ಅದನ್ನು ಬೀದಿಯವರಿಗೆ ಹೇಳುವುದು ಹೇಗೆ? ಎಲ್ಲರಿಗೂ ಕಂಡದ್ದು ಬಿದ್ದ ಮರ, ಜಜ್ಜಿದ ಸ್ಕೂಟರು. ರಿಪೇರಿಯ ಖರ್ಚನ್ನು ನಾವು ಕೊಡಲು ಹೋದೆವು. ಒಳ್ಳೆಯ ಹುಡುಗ, ಬಲವಂತ ಮಾಡಿದ ಮೇಲೆ ಅರ್ಧ ಮಾತ್ರ ತೆಗೆದುಕೊಂಡ. ಮುಂದಿನ ವಾರ ಹದಿನಾಲ್ಕು ಮನೆಯವರ ಸಹಿಯುಳ್ಳ ಅರ್ಜಿಯೊಂದು ತಯಾರಾಯಿತು: ಉಳಿದೆರಡು ಮರಗಳನ್ನೂ ತೆಗೆಸಬೇಕು. ಅದನ್ನು ನಮ್ಮ ಮನೆಗೇ ತಂದರು. ನೆಟ್ಟವರೇ ಸಹಿ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂಬುದು ಅವರ ಲೆಕ್ಕ. ತಂದವರಲ್ಲಿ ವೈರವೇನೂ ಇರಲಿಲ್ಲ. ಕೆಳಮನೆಯ ಹಿರಿಯರು ಹೇಳಿದ್ದು ಇಷ್ಟೇ: “ಭಾಯಿಸಾಬ್, ನನ್ನ ಮೊಮ್ಮಗಳು ದಿನಾ ಸಂಜೆ ಅದರ ಕೆಳಗೇ ಆಡುತ್ತಾಳೆ.”

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಸಹಿ ಹಾಕಿಬಿಡೋಣವೆಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಮರದ ಮೇಲಿನ ಮೋಹದಿಂದ ನಾಳೆ ಒಂದು ಮಗುವಿಗೆ ಏನಾದರೂ ಆದರೆ? “ರೀ, ಮೋಹ ಪಕ್ಕಕ್ಕಿಡಿ. ಆ ಎರಡು ಬೀಳುತ್ತವೋ ಇಲ್ಲವೋ, ಅದನ್ನು ನೋಡಿ ಹೇಳಿ. ನೀವು ಓದಿದ್ದು ಅದನ್ನೇ ಅಲ್ಲವೇ?” ಎಂದರು ನಮ್ಮಾಕೆ. ಬೆಳಿಗ್ಗೆ ಹೋಗಿ ನೋಡಿದೆವು. ಕೇಬಲ್ ಕಾಲುವೆ ಮೊದಲನೆಯ ಮರವನ್ನು ದಾಟಿ ರಸ್ತೆಯ ಆಚೆಗೆ ತಿರುಗಿತ್ತು. ಉಳಿದೆರಡರ ಬೇರಿಗೆ ಅದು ತಗುಲಿರಲಿಲ್ಲ. ಎರಡೂ ವಾಲಿರಲಿಲ್ಲ, ಕಾಂಡದಲ್ಲಿ ಬಿರುಕಿರಲಿಲ್ಲ. ಕಾಂಕ್ರೀಟಿನ ಉಂಗುರ ಮಾತ್ರ ಎರಡಕ್ಕೂ ಇತ್ತು. ಅದನ್ನು ಬಿಡಿಸಿ, ಬೀದಿಯ ಕಡೆಗೆ ಚಾಚಿದ ಭಾರದ ಕೊಂಬೆಗಳನ್ನು ಸವರಿದರೆ ಭಯವಿಲ್ಲವೆಂದು ನಮ್ಮ ಮನಸ್ಸಿಗೆ ಖಾತ್ರಿಯಾಯಿತು.

ಇನ್ನು ನಮ್ಮ ಕಸುಬಿನ ಕೆಲಸ. ದಿನವಿಡೀ ಕಡತಕ್ಕೆ ಟಿಪ್ಪಣಿ ಬರೆಯುವ ಕೈ ಆ ರಾತ್ರಿ ತನ್ನದೇ ಅರ್ಜಿ ಬರೆಯಿತು. 1994ರ ದಿಲ್ಲಿ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಮರಗಳ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಯ ಸಂಸ್ಥೆಗಳಿಗೆ ಆದೇಶಿಸಿತ್ತು. ಎರಡನ್ನೂ ಉಲ್ಲೇಖಿಸಿ, ಬಿದ್ದ ಮರದ ಬುಡದ ಫೋಟೋ ಲಗತ್ತಿಸಿ, ಪ್ರತಿಗಳನ್ನು ಮೂರು ಕಡೆಗೆ ಕಳಿಸಿದೆವು.

ಭಾನುವಾರ ಪಾರ್ಕಿನಲ್ಲಿ ಬ್ಲಾಕಿನವರೆಲ್ಲ ಸೇರಿದಾಗ ಇದನ್ನೆಲ್ಲ ವಿವರಿಸಿದೆವು. ಬೇರು, ಉಸಿರು, ಸಾರಜನಕ, ಕಾಯಿದೆ. ಜನ ಮರ್ಯಾದೆಯಿಂದ ಕೇಳಿ ಆಕಳಿಸಿದರು. ಇಸ್ತ್ರಿಯವನು ಬಟ್ಟೆಯ ಗಂಟು ಕೊಡಲು ಬಂದವನು ದೂರದಲ್ಲಿ ನಿಂತಿದ್ದ. ಅವನನ್ನು ಯಾರೂ ಸಭೆಗೆ ಕರೆದಿರಲಿಲ್ಲ. ಯಾರೋ, “ನೀನೇನು ಹೇಳುತ್ತೀಯಪ್ಪಾ?” ಎಂದು ತಮಾಷೆಗೆ ಕೇಳಿದರು. “ನಾನೇನು ಹೇಳಲಿ ಸಾಹೇಬ್? ಮರ ಇದ್ದರೆ ಇರುತ್ತೇನೆ. ಮರ ಹೋದರೆ ಪಕ್ಕದ ಬ್ಲಾಕಿನ ಬೇವಿನ ಕೆಳಗೆ ಹೋಗುತ್ತೇನೆ. ಈ ವಯಸ್ಸಿನಲ್ಲಿ ಮತ್ತೆ ಬಿಸಿಲಿಗೆ ನಿಲ್ಲಲಾರೆ” ಎಂದ. ಅದರಲ್ಲಿ ಬೆದರಿಕೆಯಿರಲಿಲ್ಲ, ಇದ್ದದ್ದನ್ನು ಹೇಳಿದ. ಸಭೆ ಒಂದು ಕ್ಷಣ ಸುಮ್ಮನಾಯಿತು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಗರಿಗರಿಯಾದ ಶರಟು ಎಲ್ಲಿಂದ ಬರುತ್ತದೆಂಬುದು ಹೆಂಗಸರಿಗೆ ಮೊದಲು ಹೊಳೆಯಿತು. ನಮ್ಮ ಸಸ್ಯಶಾಸ್ತ್ರ ಗೆಲ್ಲಲಾರದ ವಾದವನ್ನು ಇಸ್ತ್ರಿಪೆಟ್ಟಿಗೆ ಗೆದ್ದಿತು. ಕೊಂಬೆ ಸವರಿಸುವುದು, ಕಾಂಕ್ರೀಟು ತೆಗೆಸುವುದು, ಒಂದು ವರ್ಷ ನೋಡುವುದು ಎಂದು ತೀರ್ಮಾನವಾಯಿತು.

ಮೂರು ಜ್ಞಾಪನ ಪತ್ರಗಳ ಮೇಲೆ, ಸೆಪ್ಟೆಂಬರಿನಲ್ಲಿ ಇಬ್ಬರು ಕೆ��ಸಗಾರರು ಬಂದು ಕೊಂಬೆ ಸವರಿದರು. ಕಾಂಕ್ರೀಟು ಒಡೆಯುವುದು ತಮ್ಮ ವಿಭಾಗದ ಕೆಲಸವಲ್ಲವೆಂದರು. ಅದನ್ನು ನಾವು, ಇಸ್ತ್ರಿಯವನು, ಸ್ಕೂಟರಿನ ಹುಡುಗ ಸೇರಿ ಎರಡು ಭಾನುವಾರ ಉಳಿ ಸುತ್ತಿಗೆ ಹಿಡಿದು ಮಾಡಿ ಮುಗಿಸಿದೆವು. ಬೇರಿಗೆ ಏಟಾಗದಂತೆ ಚೂರು ಚೂರಾಗಿ ಎಬ್ಬಿಸಬೇಕು. ಕೆಳಗಿನ ಮಣ್ಣು ಬೂದಿಯಂತೆ ಒಣಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಸಡಿಲಿಸಿ, ಉದುರಿದ ಎಲೆ ಹರಡಿ, ಮೊದಲ ಬಕೆಟ್ಟು ನೀರು ಹಾಕಿದಾಗ ನೆಲ ಅದನ್ನು ಕುಡಿದ ಸದ್ದು ನಮಗೆ ಕೇಳಿಸಿತು.

ಮುಂದಿನ ಬೇಸಿಗೆಯಲ್ಲಿ ಎರಡೂ ಮರಗಳು ಹಿಂದೆಂದಿಗಿಂತ ದಟ್ಟವಾಗಿ ಚಿಗುರಿದವು. ಅರ್ಜಿಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

2021ರಲ್ಲಿ ತಂದೆಯವರು ಊರಿನಲ್ಲಿ ತೀರಿಕೊಂಡರು. ಮರ ಬಿದ್ದದ್ದನ್ನು ಅವರಿಗೆ ಹೇಳಿದ್ದೆವು. “ಮೂರರಲ್ಲಿ ಎರಡು ಉಳಿದರೆ ಹೆಚ್ಚೇ ಆಯಿತು. ರೈತನಿಗೆ ಅಷ್ಟು ಯಾವತ್ತು ಸಿಕ್ಕಿದೆ?” ಎಂದಿದ್ದರು. 2022ರಲ್ಲಿ ನಮಗೆ ಬೇರೆ ಬಡಾವಣೆಯಲ್ಲಿ ಇದಕ್ಕಿಂತ ದೊಡ್ಡ ಕ್ವಾರ್ಟರ್ಸ್ ಮಂಜೂರಾಯಿತು. ಹತ್ತು ವರ್ಷ ಕಾದು ಪಡೆದ ಮನೆ, ಬೇಡ ಎನ್ನುವಂತಿರಲಿಲ್ಲ. ಸಾಮಾನು ಲಾರಿಗೆ ಏರಿಸುತ್ತಿದ್ದಾಗ ಇಸ್ತ್ರಿಯವನು ಕೊನೆಯ ಗಂಟನ್ನು ತಂದುಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. “ನಾನಿದ್ದೇನೆ, ನೀರು ಹಾಕುತ್ತೇನೆ” ಎಂದ. ಅಷ್ಟು ಬೆಳೆದ ಮರಕ್ಕೆ ನೀರು ಬೇಕಿಲ್ಲವೆಂದು ನಾವು ಅವನಿಗೆ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆವು. ನಮ್ಮ ಹಳೆಯ ಮನೆಯಲ್ಲಿ ಈಗ ಒಡಿಶಾದವರೊಬ್ಬರು ಇದ್ದಾರೆ. ಬಾಲ್ಕನಿಯ ಕಂಬಿಗೆ ಹೊಂಗೆಯ ಕೊಂಬೆ ತಾಗುತ್ತಿದೆ. ಕೆಳಗೆ ಮೇಜು, ಮೇಜಿನ ಪಕ್ಕದಲ್ಲಿ ಒಂದು ಹಗ್ಗದ ಮಂಚ, ಮಂಚದ ಮೇಲೆ ತರಕಾರಿ ಗಾಡಿಯವನು ಮಲಗಿದ್ದ. ಆ ಮನೆಯ ಸಣ್ಣ ಹುಡುಗಿ ನಮ್ಮ ಮಗನನ್ನು ನೋಡಿ, ಇದು ಯಾವ ಮರ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲವೆಂದು ಅವನು ಬೇಕೆಂದೇ ಹೇಳಿದ. “ಹೋಂಗೆ” ಎಂದಳು. ಇಸ್ತ್ರಿಯವನು ಹೇಳಿಕೊಟ್ಟಿದ್ದನಂತೆ.

ಬರುವಾಗ ಎರಡು ಹಿಡಿ ಬಲಿತ ಕಾಯಿ ಆರಿಸಿ ತಂದಿದ್ದೇವೆ. ಹೊಂಗೆ ಬೀಜಕ್ಕೆ ಮೊಳೆಯುವ ಶಕ್ತಿ ಸುಮಾರು ಒಂದು ವರ್ಷವಷ್ಟೆ. ಮನೆಯ ಮುಂದೆ ಒಂದಿಷ್ಟು ಬರಿಯ ಮಣ್ಣೂ, ಮೂರು ಬೇಸಿಗೆ ಬಕೆಟ್ ಹಿಡಿಯುವ ಕೈಯೂ ಇರುವ ಸದಸ್ಯರು ಯಾರಾದರೂ ಇದ್ದರೆ, ಸಂಘದ ಕಚೇರಿಯಲ್ಲಿ ಒಂದು ಡಬ್ಬದಲ್ಲಿ ಹಾಕಿಟ್ಟಿದ್ದೇವೆ, ದಯವಿಟ್ಟು ತೆಗೆದುಕೊಂಡು ಹೋಗಬೇಕು. ಹೇಗೆ ಹಾಕಬೇಕೆಂಬುದನ್ನು ಮೇಲೆ ಬರೆದಿದ್ದೇವೆ. ಕಾಂಕ್ರೀಟಿನವರು ಬಂದ ದಿನ ಮಾತ್ರ ಮನೆಯಲ್ಲೇ ಇರಿ.